‘ರೋಜರ್’ ಅಂದರೆ ಒಪ್ಪಿದೆ ಅಂತಲ್ಲ: ಪೈಲಟ್ ಮತ್ತು ಟವರ್ ನಡುವಿನ ಮಾತು

“ಐಫ್ಲೈ ಸೆವೆನ್ ಟ್ರೀ ಒನ್ ಟೂ, ಗೋಯಿಂಗ್ ಅರೌಂಡ್.”

ಮಳೆಗಾಲದಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆ ಮೇಲೆ ಮೋಡ ಇಳಿದು ಕೂತಾಗ, ವಿಮಾನಗಳ ಓಡಾಟ ನಿಯಂತ್ರಿಸುವ ಟವರಿಗೆ ಪೈಲಟ್‌ನಿಂದ ಇಂಥ ಮಾತು ಕೇಳಿಸುತ್ತದೆ. ಹೊರಗೆ ನಿಂತವರಿಗೆ ಕೇಳಿಸುವುದು ಬರೀ ಸದ್ದು. ಇನ್ನೇನು ಇಳಿದೇಬಿಟ್ಟಿತು ಅನ್ನುವಾಗ ಎಂಜಿನ್ ಜೋರಾಗುತ್ತದೆ, ವಿಮಾನ ಮತ್ತೆ ಮೇಲಕ್ಕೆ ಹೋಗಿಬಿಡುತ್ತದೆ. ನೆಂಟರನ್ನು ಕರೆದೊಯ್ಯಲು ಬಂದವರು ಕತ್ತೆತ್ತಿ ನೋಡುತ್ತಾರೆ. “ಏನ್ ಮಾರಾಯ್ರೆ, ಇಳಿಸ್ತಾರೋ ಇಲ್ವೋ?” ಅಂತ ಒಬ್ಬರು. “ಟವರ್‌ನವ್ರು ಬೇಡ ಅಂದಿರ್ಬೇಕು ಬಿಡಿ” ಅಂತ ಇನ್ನೊಬ್ಬರು.

ಇಂಥ ಹೊತ್ತಲ್ಲಿ ಬೇಡ ಅನ್ನುವುದು ಸಾಮಾನ್ಯವಾಗಿ ಟವರ್ ಅಲ್ಲ, ಪೈಲಟ್. ಅದೂ ಎರಡೇ ಪದದಲ್ಲಿ. ಯಾಕೆ, ಏನು, ಕ್ಷಮಿಸಿ ಅನ್ನುವ ಮಾತೇ ಇಲ್ಲ. ಟವರ್ ಕೂಡ ಕಾರಣ ಕೇಳುತ್ತಾ ಕೂರುವುದಿಲ್ಲ. 2023ರ ಫೆಬ್ರವರಿ 27ಕ್ಕೆ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಅದೇ ಆಗಸ್ಟ್ 31ಕ್ಕೆ ಬೆಂಗಳೂರಿನ ಮೊದಲ ವಿಮಾನ ಇಳಿದ ಮೇಲೆ ಶಿವಮೊಗ್ಗದವರಿಗೆ ವಿಮಾನ ದಿನನಿತ್ಯದ ವಿಷಯವಾಗಿದೆ. ಆದರೆ ಆ ವಿಮಾನವನ್ನು ಇಳಿಸುವ ಮಾತು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಬಿದ್ದರೂ ಅರ್ಥವಾಗುವುದು ಕಷ್ಟ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಅಷ್ಟೇ.

ಕಾರಣ, ಅದು ನಾವು ಮಾತಾಡುವ ಇಂಗ್ಲಿಷ್ ಅಲ್ಲ. ಆಯ್ದ ಕೆಲವು ಪದ, ಪ್ರತಿ ಪದಕ್ಕೂ ಒಂದೇ ಅರ್ಥ. ಮಾತು ಚೆಂದ ಕಾಣಲಿ ಅಂತ ಮಾಡಿದ್ದಲ್ಲ ಇದು. ಒಬ್ಬರು ತಪ್ಪು ಕೇಳಿಸಿಕೊಂಡರೆ ಆ ತಪ್ಪು ತಕ್ಷಣ ಬಯಲಾಗಬೇಕು. ಅದಕ್ಕೆ ಬೇಕಾದ ಹಾಗೆ ಮಾಡಿದ್ದು. ಹೀಗೆ ಇಟ್ಟುಕೊಂಡು ನೋಡಿದರೆ ಇದರ ವಿಚಿತ್ರಗಳೆಲ್ಲ ಅರ್ಥವಾಗುತ್ತಾ ಹೋಗುತ್ತವೆ.

ಮೊದಲು ರೇಡಿಯೊ ವಿಷಯ. ವಿಮಾನಗಳು ಮಾತಿಗೆ ಬಳಸುವುದು 118ರಿಂದ 137 ಮೆಗಾಹರ್ಟ್ಸ್ ಒಳಗಿನ ವಿಎಚ್‌ಎಫ್ ತರಂಗ. ಇದು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ನಿಂತುಹೋಗುತ್ತದೆ. 10,000 ಅಡಿ ಎತ್ತರದಲ್ಲಿರುವ ವಿಮಾನ ಸುಮಾರು 120 ನಾಟಿಕಲ್ ಮೈಲಿ, ಅಂದರೆ 220 ಕಿಲೋಮೀಟರ್‌ಗೂ ಜಾಸ್ತಿ ದೂರದ ಜೊತೆ ಮಾತಾಡಬಹುದು. ಕೆಳಗಿಳಿದ ಹಾಗೆ ಆ ದೂರ ಕುಗ್ಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡುವಂತಿಲ್ಲ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒತ್ತಿಹಿಡಿದಿರುವಾಗ ಆ ಕಡೆಯವರು ಏನು ಹೇಳಿದರೂ ನಿಮಗೆ ಕೇಳಿಸುವುದಿಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಹತ್ತಾರು ವಿಮಾನ ಇರುತ್ತವೆ. ಎಲ್ಲರೂ ಎಲ್ಲರ ಮಾತನ್ನೂ ಕೇಳುತ್ತಿರುತ್ತಾರೆ.

ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ? ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿ ಬೆಳೆದವರಿಗೆ ನೆನಪಿರಬಹುದು. ರಾತ್ರಿಯಾದರೆ ದೂರದ ಸ್ಟೇಷನ್ನುಗಳು ನುಗ್ಗಿ ಬಂದು ಕುಂಯ್ ಅಂತ ಸಿಳ್ಳೆ ಹೊಡೆಯುತ್ತಿದ್ದವು. ಎರಡು ತರಂಗ ಒಂದರ ಮೇಲೊಂದು ಬಿದ್ದಾಗ ಬರುವ ಸದ್ದು ಅದು. ವಿಮಾನದ ರೇಡಿಯೊ ಕೂಡ ಅದೇ ಹಳೆಯ ಎಎಂ ಪದ್ಧತಿಯದ್ದು, ಹಾಗಾಗಿ ಅಲ್ಲೂ ಸಿಳ್ಳೆ ಬರುತ್ತದೆ. ಎಫ್‌ಎಂ ಹಾಕಿದ್ದರೆ ಸದ್ದು ಚೆನ್ನಾಗಿರುತ್ತಿತ್ತು ನಿಜ. ಆದರೆ ಎಫ್‌ಎಂನಲ್ಲಿ ಜೋರಾದ ಸಿಗ್ನಲ್ ಸಣ್ಣ ಸಿಗ್ನಲನ್ನು ಪೂರ್ತಿ ನುಂಗಿಬಿಡುತ್ತದೆ, ಇನ್ನೊಬ್ಬರು ಮಾತಾಡಿದ್ದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಮಾತು ಹಾಳಾದರೂ ಹಾಳಾಗಿದೆ ಅಂತಾದರೂ ತಿಳಿಯುತ್ತದೆ. ಈ ಸಿಳ್ಳೆಯ ಕಥೆ ಮುಂದೆ ಮತ್ತೆ ಬರುತ್ತದೆ.

ಇನ್ನು ಮಾತಿಗೆ ಬರೋಣ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟ ಒಂದು ವಿಮಾನ ಅಂತಿಟ್ಟುಕೊಳ್ಳಿ. ‘ಐಫ್ಲೈ’ ಅನ್ನುವುದು ಇಂಡಿಗೊ ವಿಮಾನಗಳಿಗೆ ರೇಡಿಯೊದಲ್ಲಿರುವ ಹೆಸರು. 7312 ಅನ್ನುವುದು ನಾನು ಉದಾಹರಣೆಗೆ ಹಾಕಿಕೊಂಡ ಸಂಖ್ಯೆ. ರನ್‌ವೇ ಹತ್ತಿರ ಬಂದಾಗ ಟವರ್ ಹೇಳುತ್ತದೆ:

“ಐಫ್ಲೈ ಸೆವೆನ್ ಟ್ರೀ ಒನ್ ಟೂ, ಹೋಲ್ಡ್ ಶಾರ್ಟ್ ಆಫ್ ರನ್‌ವೇ ಟೂ ಸೆವೆನ್ ರೈಟ್.”

“ಹೋಲ್ಡಿಂಗ್ ಶಾರ್ಟ್ ಆಫ್ ರನ್‌ವೇ ಟೂ ಸೆವೆನ್ ರೈಟ್, ಐಫ್ಲೈ ಸೆವೆನ್ ಟ್ರೀ ಒನ್ ಟೂ.”

ಅಂದರೆ ರನ್‌ವೇ ಹೊರಗೇ ನಿಲ್ಲು ಅಂತ. ಸ್ವಲ್ಪ ಹೊತ್ತಿನ ಮೇಲೆ:

“ಐಫ್ಲೈ ಸೆವೆನ್ ಟ್ರೀ ಒನ್ ಟೂ, ರನ್‌ವೇ ಟೂ ಸೆವೆನ್ ರೈಟ್, ಲೈನ್ ಅಪ್ ಅಂಡ್ ವೇಟ್.”

ಅಂದರೆ ರನ್‌ವೇ ಮೇಲೆ ಬಂದು ನಿಂತು ಕಾಯುತ್ತಿರು ಅಂತ. ಪೈಲಟ್ ಅದನ್ನೂ ಹಾಗೇ ಒಪ್ಪಿಸುತ್ತಾರೆ. ಕೊನೆಗೆ:

“ಐಫ್ಲೈ ಸೆವೆನ್ ಟ್ರೀ ಒನ್ ಟೂ, ವಿಂಡ್ ಟೂ ಸಿಕ್ಸ್ ಜೀರೋ ಡಿಗ್ರೀಸ್, ಏಯ್ಟ್ ನಾಟ್ಸ್, ರನ್‌ವೇ ಟೂ ಸೆವೆನ್ ರೈಟ್, ಕ್ಲಿಯರ್ಡ್ ಫಾರ್ ಟೇಕಾಫ್.”

ಇದರಲ್ಲಿ ಏನೇನಿದೆ ನೋಡಿ. ಟವರ್ ಮಾತು ಶುರುವಾಗುವುದೇ ಯಾರಿಗೆ ಹೇಳುತ್ತಿದ್ದೇನೆ ಅನ್ನುವುದರಿಂದ. ಹತ್ತು ಜನ ಕೇಳುತ್ತಿರುವಾಗ ಹೆಸರು ಮೊದಲು ಬಂದರೆ ಉಳಿದ ಒಂಬತ್ತು ಜನ ಕೈ ಬಿಡಬಹುದು. ಪೈಲಟ್ ಉತ್ತರ ಕೊಡುವಾಗ ತಮ್ಮ ಹೆಸರನ್ನು ಕೊನೆಯಲ್ಲಿ ಸೇರಿಸುತ್ತಾರೆ. 27 ಅಂದರೆ ರನ್‌ವೇಯ ದಿಕ್ಕು. ದಿಕ್ಸೂಚಿಯಲ್ಲಿ ಸುಮಾರು 270 ಡಿಗ್ರಿ, ಅಂದರೆ ಪಶ್ಚಿಮಕ್ಕೆ ಮುಖ. ಕೊನೆಯ ಸೊನ್ನೆ ಬಿಟ್ಟು ಬರೆದಿರುತ್ತಾರೆ. ಅದೇ ರನ್‌ವೇಯ ಇನ್ನೊಂದು ತುದಿಗೆ 09 ಅಂತ ಹೆಸರು. ಬೆಂಗಳೂರಿನಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇರುವುದರಿಂದ ರೈಟ್, ಲೆಫ್ಟ್ ಅಂತ ಬೇರೆ ಸೇರುತ್ತದೆ. ಗಾಳಿ 260 ಡಿಗ್ರಿ ಅಂದರೆ ಅದು ಬೀಸಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ. ವಿಮಾನಕ್ಕೆ ಎದುರು ಗಾಳಿ ಬೇಕು, ಆದ್ದರಿಂದಲೇ ರನ್‌ವೇ 27. ತ್ರೀ ಅನ್ನುವುದನ್ನು ‘ಟ್ರೀ’ ಅಂತ, ನೈನ್ ಅನ್ನುವುದನ್ನು ‘ನೈನರ್’ ಅಂತ, ಫೈವ್ ಅನ್ನುವುದನ್ನು ‘ಫೈಫ್’ ಅಂತ ಹೇಳಬೇಕೆಂದು ನಿಯಮವೇ ಇದೆ. ಕರಕರ ಸದ್ದಿನಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಿಸುತ್ತವೆ. ಆಲ್ಫಾ, ಬ್ರಾವೊ, ಚಾರ್ಲಿ ಅನ್ನುವ ಅಕ್ಷರಮಾಲೆಯೂ ಇದೇ ಕಾರಣಕ್ಕೆ ಹುಟ್ಟಿದ್ದು. ಈಗಿನ ರೂಪದಲ್ಲಿ ಅದು ಬಂದದ್ದು 1956ರಲ್ಲಿ.

ಪೈಲಟ್ ಗಿಳಿಪಾಠದ ಹಾಗೆ ಮತ್ತೆ ಹೇಳಿದ್ದಕ್ಕೆ ‘ರೀಡ್‌ಬ್ಯಾಕ್’ ಅನ್ನುತ್ತಾರೆ. ಈ ಇಡೀ ವ್ಯವಸ್ಥೆಯ ಬೆನ್ನೆಲುಬು ಅದೇ. ರನ್‌ವೇ ಒಳಗೆ ಹೋಗುವುದು, ದಾಟುವುದು, ಹೊರಗೇ ನಿಲ್ಲುವುದು, ಇಳಿಯುವುದು, ಏರುವುದು, ಎತ್ತರ, ದಿಕ್ಕು, ವೇಗ, ಗಾಳಿಯ ಒತ್ತಡದ ಸಂಖ್ಯೆ – ಇವನ್ನೆಲ್ಲ ಒಪ್ಪಿಸಲೇಬೇಕು. ಸುಮ್ನೆ ‘ರೋಜರ್’ ಅಂದರೆ ನಡೆಯುವುದಿಲ್ಲ.

ಸಿನಿಮಾದಲ್ಲಿ ರೋಜರ್ ಅಂದರೆ ಸರಿ, ಒಪ್ಪಿದೆ, ಮಾಡುತ್ತೇನೆ ಎಲ್ಲವೂ. ನಿಜವಾದ ಅರ್ಥ ಬಹಳ ಸಣ್ಣದು: ನೀವು ಈಗ ಹೇಳಿದ್ದು ಪೂರ್ತಿ ತಲುಪಿತು. ಅಷ್ಟೇ. ಒಪ್ಪಿದೆ ಅಂತಲೂ ಅಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ‘ಅರ್ಥವಾಯಿತು, ಮಾಡುತ್ತೇನೆ’ ಅನ್ನುವುದಕ್ಕೆ ‘ವಿಲ್ಕೊ’ ಇದೆ. ಪ್ರಶ್ನೆಗೆ ಹೌದು ಅನ್ನಲು ‘ಅಫರ್ಮ್’, ಇಲ್ಲ ಅನ್ನಲು ‘ನೆಗೆಟಿವ್’. ಅಫರ್ಮೇಟಿವ್ ಅಂತ ಪೂರ್ತಿ ಹೇಳಿದರೆ ಎರಡೂ ಪದದ ಬಾಲ ಒಂದೇ ಆಗುತ್ತದೆ, ಮೊದಲರ್ಧ ಕತ್ತರಿಸಿಹೋದರೆ ಹೌದೋ ಇಲ್ಲವೋ ಗೊತ್ತಾಗುವುದಿಲ್ಲ. ‘ಓಕೆ’ ಅನ್ನುವ ಪದಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ನಮ್ಮ ಮನೆಯ ಫೋನುಗಳಲ್ಲಿ ‘ಹ್ಞೂಂ’ ಮಾಡುವ ಕೆಲಸವನ್ನೇ ನೆನಪಿಸಿಕೊಳ್ಳಿ. ನಾಳೆ ಕೊನೆಕೊಯ್ಲಿಗೆ ಇಬ್ಬರು ಆಳು ಕಳಿಸು ಅಂತ ಅಣ್ಣ ಹೇಳುತ್ತಾನೆ, ತಮ್ಮ ಹ್ಞೂಂ ಅನ್ನುತ್ತಾನೆ. ಕೇಳಿಸಿತು ಅಂತಲೋ, ಕಳಿಸುತ್ತೇನೆ ಅಂತಲೋ, ನೋಡೋಣ ಅಂತಲೋ? ತೋಟದಲ್ಲಿ ಅದು ಮರುದಿನದ ಜಗಳವಾಗಿ ಮುಗಿಯುತ್ತದೆ. ರನ್‌ವೇ ಮೇಲೆ ಹಾಗೆ ಮುಗಿಯುವುದಿಲ್ಲ.

ಅಂದ ಹಾಗೆ, ‘ಓವರ್ ಅಂಡ್ ಔಟ್’ ಅನ್ನುವುದೂ ಸಿನಿಮಾದವರ ಸೃಷ್ಟಿ. ಓವರ್ ಅಂದರೆ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ ಅಂತ. ಔಟ್ ಅಂದರೆ ಮಾತು ಮುಗಿಯಿತು, ಉತ್ತರ ಬೇಡ ಅಂತ. ಎರಡನ್ನೂ ಒಟ್ಟಿಗೆ ಹೇಳಿದರೆ ಏನರ್ಥ?

ಓಕೆಯನ್ನು ಯಾಕೆ ಹೊರಗಿಟ್ಟರು ಅಂತ ತಿಳಿಯಲು 1977ರ ಮಾರ್ಚ್ 27ಕ್ಕೆ ಹೋಗಬೇಕು. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೋದಿಯೋಸ್ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಮಂಜು ಇಳಿದಿತ್ತು. ಆಗುಂಬೆ ಘಾಟಿಯಲ್ಲಿ ಹೆಡ್‌ಲೈಟ್ ಹಾಕಿದರೂ ಎದುರಿನ ಬಸ್ಸು ಕಾಣದಂಥ ಮಂಜು. ಕೆಎಲ್‌ಎಂ ಕಂಪನಿಯ ಒಂದು ಬೋಯಿಂಗ್ 747 ವಿಮಾನ ರನ್‌ವೇ ತುದಿಗೆ ಹೋಗಿ ತಿರುಗಿ ನಿಂತಿತ್ತು. ಪ್ಯಾನ್ ಆ್ಯಮ್‌ನ ಇನ್ನೊಂದು 747 ಅದೇ ರನ್‌ವೇ ಮೇಲೆ, ಅದರ ಕಡೆಗೇ ನಿಧಾನ ಬರುತ್ತಿತ್ತು. ಟವರಿಗೆ ಇಬ್ಬರೂ ಕಾಣುತ್ತಿರಲಿಲ್ಲ. ನೆಲದ ರೇಡಾರ್ ಇರಲಿಲ್ಲ. ಇದ್ದದ್ದು ರೇಡಿಯೊ ಒಂದೇ.

ಏರಿದ ಮೇಲೆ ಯಾವ ದಾರಿ ಹಿಡಿಯಬೇಕು ಅಂತ ಟವರ್ ಕೆಎಲ್‌ಎಂಗೆ ಹೇಳಿತು. ಅದು ದಾರಿಯ ಅನುಮತಿ ಮಾತ್ರ, ಏರಲು ಅನುಮತಿ ಅಲ್ಲ. ಆದರೆ ಆ ವಾಕ್ಯದೊಳಗೆ ‘ಟೇಕಾಫ್’ ಅನ್ನುವ ಪದ ಇತ್ತು. ಸಹ ಪೈಲಟ್ ಅದನ್ನು ಒಪ್ಪಿಸಿ, ಕೊನೆಯಲ್ಲಿ “ವಿ ಆರ್ ನೌ ಅಟ್ ಟೇಕಾಫ್” ಅಂತ ಸೇರಿಸಿದರು. ಅಷ್ಟರಲ್ಲಿ ಕ್ಯಾಪ್ಟನ್ ವಿಮಾನ ಓಡಿಸಲು ಶುರುಮಾಡಿಬಿಟ್ಟಿದ್ದರು. ಟವರ್‌ನಲ್ಲಿದ್ದವರು ಅರ್ಥ ಮಾಡಿಕೊಂಡದ್ದು: ಏರುವ ಜಾಗದಲ್ಲಿ ಬಂದು ನಿಂತಿದ್ದಾರೆ. ಹಾಗಾಗಿ ಅವರು “ಓಕೆ” ಅಂದರು. ಒಂದು ಕ್ಷಣ ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ ಅಂದರು. ಅದೇ ಕ್ಷಣಕ್ಕೆ ಗಾಬರಿಯಾದ ಪ್ಯಾನ್ ಆ್ಯಮ್ ಪೈಲಟ್ ಗುಂಡಿ ಒತ್ತಿ, ನಾವಿನ್ನೂ ರನ್‌ವೇ ಮೇಲೇ ಬರುತ್ತಿದ್ದೇವೆ ಅಂದರು. ಎರಡೂ ಮಾತು ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಚೆನ್ನಾಗಿ ಕೇಳಿಸಿದ್ದು ಆ ಓಕೆ, ಅದರ ಹಿಂದೆ ಸಿಳ್ಳೆ. 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಇಷ್ಟು ಜನ ಸತ್ತ ಅಪಘಾತ ಇನ್ನೊಂದಿಲ್ಲ.

ಬರೀ ಮಾತಿನಿಂದಲೇ ಆದದ್ದು ಅಂದರೆ ತಪ್ಪಾಗುತ್ತದೆ. ಮಂಜು ಇತ್ತು, ತಡವಾಗಿತ್ತು, ಕ್ಯಾಪ್ಟನ್‌ಗೆ ಅವಸರವಿತ್ತು. ಕೆಎಲ್‌ಎಂ ಫ್ಲೈಟ್ ಎಂಜಿನಿಯರ್ ಅನುಮಾನ ಬಂದು ಕೇಳಿದರೂ ಅವರ ಮಾತು ನಡೆಯಲಿಲ್ಲ. ಆದರೆ ಮಾತು ಖಚಿತವಾಗಿದ್ದಿದ್ದರೆ ಇವೆಲ್ಲ ಇದ್ದೂ ಅಪಘಾತ ತಡೆಯಬಹುದಿತ್ತೇನೋ. ಆಮೇಲೆ ಬಂದ ನಿಯಮ ಇದು: ‘ಟೇಕಾಫ್’ ಪದವನ್ನು ಏರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ರದ್ದು ಮಾಡುವಾಗ ಮಾತ್ರ ಬಾಯಿಗೆ ತರಬೇಕು. ಬೇರೆಲ್ಲ ಕಡೆ ‘ಡಿಪಾರ್ಚರ್’. ಪೈಲಟ್ ಕೂಡ “ರೆಡಿ ಫಾರ್ ಡಿಪಾರ್ಚರ್” ಅನ್ನುತ್ತಾರೆಯೇ ಹೊರತು ರೆಡಿ ಫಾರ್ ಟೇಕಾಫ್ ಅನ್ನುವಂತಿಲ್ಲ.

ಪದಗಳಿಗಿಂತ ಸಂಖ್ಯೆಗಳು ಇನ್ನೂ ಮೋಸ. ಅದರಲ್ಲೂ ಗುಡ್ಡಗಾಡಿನಲ್ಲಿ. ಇತ್ತ ಕೊಡಚಾದ್ರಿ 1,343 ಮೀಟರ್, ಅತ್ತ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿಗೂ ಮೇಲೆ. ಮೋಡದೊಳಗೆ ಹೋಗುವ ಪೈಲಟ್‌ಗೆ ಈ ಗುಡ್ಡಗಳು ಕಣ್ಣಿಗೆ ಕಾಣುವುದಿಲ್ಲ, ಎತ್ತರದ ಸಂಖ್ಯೆಯೇ ದಿಕ್ಕು.

1989ರ ಫೆಬ್ರವರಿ 19ರಂದು ಕ್ವಾಲಾಲಂಪುರದ ಹತ್ತಿರ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ಸಾಗಿಸುವ 747 ಇಳಿಯಲು ಬರುತ್ತಿತ್ತು. ಕಂಟ್ರೋಲರ್, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು, “ಡಿಸೆಂಡ್ ಟೂ ಫೋರ್ ಜೀರೋ ಜೀರೋ” ಅಂದರು. 2,400 ಅಡಿಗೆ ಇಳಿಯಿರಿ ಅಂತ ಅವರ ಅರ್ಥ. ಇಂಗ್ಲಿಷ್‌ನಲ್ಲಿ ಎರಡು ಅನ್ನುವ ಟೂ, ‘ಅಲ್ಲಿಗೆ’ ಅನ್ನುವ ಟು, ಎರಡೂ ಕಿವಿಗೆ ಒಂದೇ. ಕಾಕ್‌ಪಿಟ್‌ನಿಂದ ಉತ್ತರ ಹೋಯಿತು: “ಓಕೆ, ಫೋರ್ ಜೀರೋ ಜೀರೋ.” ಅಂದರೆ 400 ಅಡಿಗೆ. ಈ ಉತ್ತರದಲ್ಲಿ ತಪ್ಪು ಎದ್ದು ಕಾಣುತ್ತಿದೆ, ಅಲ್ವಾ? ಒಂದು ಅಂಕಿ ಕಡಿಮೆ ಇದೆ. ರೀಡ್‌ಬ್ಯಾಕ್ ತನ್ನ ಕೆಲಸ ಮಾಡಿತ್ತು. ಆದರೆ ಅದನ್ನು ಕೇಳಿಸಿಕೊಂಡು ಸರಿಪಡಿಸಬೇಕಾದವರು ಗಮನಿಸಲಿಲ್ಲ. ಹೀಗೆ ಕೇಳಿಸಿಕೊಂಡು ಸರಿಪಡಿಸುವುದಕ್ಕೆ ‘ಹಿಯರ್‌ಬ್ಯಾಕ್’ ಅನ್ನುತ್ತಾರೆ, ರೀಡ್‌ಬ್ಯಾಕ್‌ನ ಇನ್ನೊಂದು ಅರ್ಧ. ನೆಲ ಹತ್ತಿರ ಬರುತ್ತಿದೆ ಅಂತ ವಿಮಾನದ ಯಂತ್ರ ಎಚ್ಚರಿಸಿತು. ಅದಕ್ಕೂ ಬೆಲೆ ಸಿಗಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು, ಒಳಗಿದ್ದ ನಾಲ್ವರೂ ಸತ್ತರು. ಈಗಿನ ಪದ್ಧತಿಯಲ್ಲಿ 2,400 ಅನ್ನುವುದನ್ನು “ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್” ಅಂತ ಬಿಡಿಸಿ ಹೇಳಬೇಕು, ಕೆಲವು ಕಡೆ ಅದರ ಮುಂದೆ ‘ಆಲ್ಟಿಟ್ಯೂಡ್’ ಅಂತಲೂ ಸೇರಿಸುತ್ತಾರೆ. ಟು ಮತ್ತು ಟೂ ನಡುವೆ ಒಂದು ಪದದ ಗೋಡೆ.

ಎತ್ತರಕ್ಕೇ ಸಂಬಂಧಿಸಿದ ಇನ್ನೊಂದು ಸಂಖ್ಯೆ ಕ್ಯೂಎನ್‌ಎಚ್. ವಿಮಾನದ ಮುಖ್ಯ ಎತ್ತರಮಾಪಕ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಒತ್ತಡ ದಿನದಿನಕ್ಕೆ, ಗಂಟೆಗಂಟೆಗೆ ಬದಲಾಗುತ್ತದೆ. ಆದ್ದರಿಂದ ಆ ಹೊತ್ತಿನ ಒತ್ತಡ ಇಷ್ಟು ಅಂತ ಟವರ್ ಹೇಳುತ್ತದೆ, ಪೈಲಟ್ ಅದನ್ನು ತಿರುಗಿಸಿ ಹೊಂದಿಸಿಕೊಳ್ಳುತ್ತಾರೆ. ಒಂದು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸವಾದರೆ ಸುಮಾರು 28 ಅಡಿ ವ್ಯತ್ಯಾಸ. 1002 ಅನ್ನುವುದು 1012 ಅಂತ ಕೇಳಿಸಿತು ಅಂತಿಟ್ಟುಕೊಳ್ಳಿ. ಮೀಟರ್ ತೋರಿಸುವುದಕ್ಕಿಂತ ವಿಮಾನ ಸುಮಾರು 280 ಅಡಿ ಕೆಳಗಿರುತ್ತದೆ. ತೆಂಗಿನ ಮರ, ಅಡಿಕೆ ಮರ ಲೆಕ್ಕ ಹಾಕಿಕೊಂಡರೆ ಸಾಕು ಎಷ್ಟು ಅಪಾಯ ಅಂತ ತಿಳಿಯುತ್ತದೆ.

ಹೀಗೇ ಒಂದು ಘಟನೆ 2022ರ ಮೇ 23ರಂದು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ ಆಯಿತು. ಒತ್ತಡ ಇದ್ದದ್ದು 1001. ಕಂಟ್ರೋಲರ್ ಬಾಯಿತಪ್ಪಿ 1011 ಅಂದರು. ಪೈಲಟ್ 1011 ಅಂತಲೇ ಒಪ್ಪಿಸಿದರು. ಮಳೆಯಲ್ಲಿ ಏನೂ ಕಾಣದೆ ಇಳಿಯುತ್ತಿದ್ದ ಆ ಎ320 ರನ್‌ವೇ ಇನ್ನೂ ಒಂದು ಕಿಲೋಮೀಟರ್‌ಗಿಂತ ದೂರ ಇರುವಾಗಲೇ ನೆಲದಿಂದ 6 ಅಡಿಗೆ ಬಂದಿತ್ತು. ಅಷ್ಟರಲ್ಲಿ ಪೈಲಟ್‌ಗಳು ಗೋ ಅರೌಂಡ್ ಮಾಡಿ ಮೇಲೆತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ರೀಡ್‌ಬ್ಯಾಕ್ ಎಲ್ಲಕ್ಕೂ ಮದ್ದಲ್ಲ ಅನ್ನುವುದು ಇಲ್ಲಿ ಕಾಣುತ್ತದೆ. ತಪ್ಪು ಕೇಳಿಸಿಕೊಂಡರೆ ಅದು ಹಿಡಿಯುತ್ತದೆ. ತಪ್ಪೇ ಹೇಳಿದರೆ, ಆ ತಪ್ಪನ್ನೇ ನಿಷ್ಠೆಯಿಂದ ಒಪ್ಪಿಸುತ್ತದೆ.

ಸಣ್ಣಪುಟ್ಟ ಜಾಣತನಗಳೂ ಇದರಲ್ಲಿ ಬಹಳ ಇವೆ. 7312 ಮತ್ತು 7321 ಒಂದೇ ಫ್ರೀಕ್ವೆನ್ಸಿಗೆ ಬಂದರೆ ಕಂಟ್ರೋಲರ್ ಒಬ್ಬರ ಹೆಸರನ್ನು ಸ್ವಲ್ಪ ಹೊತ್ತಿಗೆ ಬದಲಾಯಿಸಬಹುದು. ಇಳಿಯುತ್ತಿರುವ ವಿಮಾನದ ಹಿಂದೆ ಹೋಗಿ ನಿಲ್ಲು ಅನ್ನಬೇಕಾದರೆ “ಬಿಹೈಂಡ್ ದ ಲ್ಯಾಂಡಿಂಗ್ ಎಟಿಆರ್, ಲೈನ್ ಅಪ್ ಅಂಡ್ ವೇಟ್ ಬಿಹೈಂಡ್” ಅನ್ನುತ್ತಾರೆ. ಎಟಿಆರ್ ಅನ್ನುವುದು ವಿಮಾನದ ಒಂದು ಮಾದರಿ. ಬಿಹೈಂಡ್ ಎರಡು ಸಲ. ವ್ಯಾಕರಣದ ಮೇಷ್ಟ್ರು ಕೆಂಪು ಗೆರೆ ಎಳೆಯುವ ವಾಕ್ಯ. ಆದರೆ ಮೊದಲ ಬಿಹೈಂಡ್ ಸಿಳ್ಳೆಯಲ್ಲಿ ಕಳೆದುಹೋದರೂ ಎರಡನೆಯದು ಉಳಿಯುತ್ತದೆ. ಇಲ್ಲದಿದ್ದರೆ ಉಳಿಯುವುದು ಬರೀ ಲೈನ್ ಅಪ್!

ಈಗ ಸೋಗಾನೆಯ ಮೋಡಕ್ಕೆ ಬರೋಣ. ‘ಕ್ಲಿಯರ್ಡ್ ಟು ಲ್ಯಾಂಡ್’ ಅಂತ ಟವರ್ ಹೇಳಿದರೆ ಅದು ಅಪ್ಪಣೆಯಲ್ಲ, ಅನುಮತಿ. ರನ್‌ವೇ ನಿನಗೆ ಬಿಟ್ಟಿದೆ, ಅದರ ಮೇಲೆ ಬೇರೆ ಯಾರಿಗೂ ಅವಕಾಶ ಕೊಟ್ಟಿಲ್ಲ ಅಂತ. ಇಳಿಯಲೇಬೇಕು ಅಂತಲ್ಲ. ಟವರ್ ಗಾಳಿ ಎಷ್ಟು, ಎಷ್ಟು ದೂರ ಕಾಣುತ್ತದೆ, ಮೋಡ ಎಷ್ಟು ಎತ್ತರದಲ್ಲಿದೆ ಅಂತ ಹೇಳುತ್ತದೆ. ಪ್ರತಿ ಇಳಿಯುವ ವಿಧಾನಕ್ಕೂ ಒಂದು ಕನಿಷ್ಠ ಎತ್ತರ ಗೊತ್ತುಮಾಡಿರುತ್ತಾರೆ. ಅಲ್ಲಿಗೆ ಬರುವ ಹೊತ್ತಿಗೆ ರನ್‌ವೇ ಅಥವಾ ಅದರ ದೀಪಗಳು ಕಣ್ಣಿಗೆ ಬೀಳಬೇಕು. ಬೀಳಲಿಲ್ಲವೋ, ಮೇಲೆ ಹೋಗಬೇಕು. ಇನ್ನೊಂಚೂರು ಇಳಿದು ನೋಡೋಣ ಅನ್ನುವಂತಿಲ್ಲ.

ಆಗ ಬರುವುದೇ “ಗೋಯಿಂಗ್ ಅರೌಂಡ್”. ಆ ಹೊತ್ತಿಗೆ ಕಾಕ್‌ಪಿಟ್‌ನಲ್ಲಿ ಕೈತುಂಬ ಕೆಲಸ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡಬೇಕು, ಮೂತಿ ಎತ್ತಬೇಕು, ಫ್ಲ್ಯಾಪ್ ಮಡಚಬೇಕು, ಚಕ್ರ ಒಳಗೆ ತೆಗೆದುಕೊಳ್ಳಬೇಕು. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು ಅನ್ನುವುದು ಪೈಲಟ್‌ಗಳಿಗೆ ಮೊದಲ ದಿನದಿಂದ ಹೇಳಿಕೊಡುವ ಪಾಠ. ಕಂಟ್ರೋಲರ್‌ಗೂ ಇದು ಗೊತ್ತು. ಅದಕ್ಕೇ ಮಾತು ಎರಡು ಪದಕ್ಕೆ ನಿಲ್ಲುತ್ತದೆ. ಎತ್ತರ ಹಿಡಿದ ಮೇಲೆ “ಸೇ ಇಂಟೆನ್ಷನ್ಸ್” ಅಂತ ಕೇಳುತ್ತಾರೆ, ಮುಂದೇನು ಮಾಡುತ್ತೀರಿ ಅಂತ. ಮತ್ತೊಮ್ಮೆ ಪ್ರಯತ್ನವೋ, ಸ್ವಲ್ಪ ಹೊತ್ತು ಸುತ್ತುವುದೋ, ವಾಪಸ್ ಬೆಂಗಳೂರೋ ಅನ್ನುವುದು ಪೈಲಟ್‌ಗೆ ಬಿಟ್ಟದ್ದು. ಟವರ್ ಹೇಳಿದ್ದು ಮಾಡಲಾಗದಿದ್ದರೆ ‘ಅನೇಬಲ್’ ಅಂದರೆ ಮುಗಿಯಿತು. ನನಗೆ ಈ ಪಟ್ಟಿಯಲ್ಲಿ ಬಹಳ ಇಷ್ಟವಾದ ಪದ ಇದು. ದೊಡ್ಡವರ ಮಾತಿಗೆ ಆಗಲ್ಲ ಅನ್ನಲು ನಾವು ಎಷ್ಟು ಸುತ್ತಿಬಳಸುತ್ತೇವೆ! ಇಲ್ಲಿ ಅದಕ್ಕೆ ಸಂಕೋಚವೇ ಇಲ್ಲ.

ಕಷ್ಟ ಹೇಳಿಕೊಳ್ಳುವುದಕ್ಕೂ ಇಲ್ಲಿ ಅಳತೆ ಇದೆ. ಪ್ರಾಣಕ್ಕೆ ಬಂದಿದೆ ಅಂದರೆ ಮೂರು ಸಲ ‘ಮೇಡೇ’. ತುರ್ತು, ಆದರೆ ತಕ್ಷಣಕ್ಕೆ ಪ್ರಾಣಾಪಾಯವಿಲ್ಲ ಅಂದರೆ ಮೂರು ಸಲ ‘ಪ್ಯಾನ್ ಪ್ಯಾನ್’. ಮೇಡೇ ಕೇಳಿದ ಕೂಡಲೇ ಆ ಫ್ರೀಕ್ವೆನ್ಸಿಯಲ್ಲಿ ಉಳಿದವರು ಬಾಯಿ ಮುಚ್ಚುತ್ತಾರೆ, ದಾರಿ ಬಿಡುತ್ತಾರೆ. ಈ ಪದ ಹೇಳದೇ ಹೋದದ್ದರಿಂದ ಕೆಟ್ಟದ್ದು 1990ರ ಜನವರಿ 25ರ ಏವಿಯಾಂಕಾ 52 ವಿಮಾನ. ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಆ 707 ಕೆಟ್ಟ ಹವಾಮಾನದಿಂದ ಒಂದು ಗಂಟೆಗೂ ಜಾಸ್ತಿ ಸುತ್ತಬೇಕಾಯಿತು. ಸಹ ಪೈಲಟ್ ‘ಪ್ರಯಾರಿಟಿ’ ಕೇಳಿದರು, ಇಂಧನ ಖಾಲಿಯಾಗುತ್ತಿದೆ ಅಂದರು. ಆದರೆ ಎಮರ್ಜೆನ್ಸಿ ಅನ್ನಲಿಲ್ಲ, ಮೇಡೇ ಅನ್ನಲಿಲ್ಲ. ಕಂಟ್ರೋಲರ್‌ಗಳಿಗೆ ಅದರ ತೀವ್ರತೆ ತಿಳಿಯಲಿಲ್ಲ. ಎಂಜಿನ್‌ಗಳು ಆರಿಹೋಗಿ ವಿಮಾನ ಬಿತ್ತು, 73 ಜನ ಸತ್ತರು. ಈಗ ‘ಮಿನಿಮಮ್ ಫ್ಯೂಯಲ್’ ಅಂದರೆ ಇನ್ನು ತಡಮಾಡಿದರೆ ಕಷ್ಟ ಅನ್ನುವ ಮುನ್ಸೂಚನೆ ಮಾತ್ರ. ‘ಮೇಡೇ ಫ್ಯೂಯಲ್’ ಅಂದರೆ ಈಗಲೇ ಇಳಿಯಬೇಕು ಅಂತ. ಎರಡರ ನಡುವಿನ ಗೆರೆ ಸ್ಪಷ್ಟವಾಗಿದೆ.

ನಮ್ಮ ದೇಶದಲ್ಲೇ ಆದ ದೊಡ್ಡ ಪಾಠ 1996ರ ನವೆಂಬರ್ 12ರದ್ದು. ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಮತ್ತು ಕಜಕಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಕ್ ವಿಮಾನ 15,000 ಅಡಿಯಲ್ಲಿರಬೇಕಿತ್ತು, ಅದಕ್ಕಿಂತ ಕೆಳಗಿಳಿದಿತ್ತು. ಅದರಲ್ಲಿ ಟವರ್ ಜೊತೆ ಮಾತಾಡಲು ಬೇರೆಯೇ ಒಬ್ಬ ರೇಡಿಯೊ ಆಪರೇಟರ್ ಇದ್ದರು, ಪೈಲಟ್‌ಗಳು ಅವರ ಮೂಲಕ ತಿಳಿಯಬೇಕಿತ್ತು. ಇಂಥ ಅಪಘಾತಗಳಾದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಂಗ್ಲಿಷ್‌ಗೆ ಆರು ಹಂತಗಳ ಪರೀಕ್ಷೆ ತಂದಿತು, 2008ರಿಂದ ಕನಿಷ್ಠ ನಾಲ್ಕನೇ ಹಂತ ಕಡ್ಡಾಯ. ನಮ್ಮೂರಿನ ಹುಡುಗ ಹುಡುಗಿಯರು ಇದಕ್ಕೆ ಹೆದರಬೇಕಾಗಿಲ್ಲ. ತೀರ್ಥಹಳ್ಳಿಯ ಕನ್ನಡದ ಛಾಯೆ ಇಂಗ್ಲಿಷ್‌ನಲ್ಲಿ ಇರಬಹುದು, ಅದಕ್ಕೆ ಅಡ್ಡಿಯಿಲ್ಲ. ಕೇಳುವವರಿಗೆ ಅರ್ಥವಾಗಬೇಕು ಅಷ್ಟೇ. ಇದಲ್ಲದೆ ಪೈಲಟ್ ಆಗುವವರು ಆರ್‌ಟಿಆರ್ ಅನ್ನುವ ರೇಡಿಯೊ ಪರೀಕ್ಷೆಯನ್ನೂ ಬರೆಯಬೇಕು. ಮೊದಲು ಅದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. ಭಾರತೀಯ ವಾಯುಯಾನ ಅಧಿನಿಯಮ 2024 ಬಂದ ಮೇಲೆ ಅದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ಕೈಗೆ ಬಂದಿದೆ.

ಕೊನೆಯದಾಗಿ, ರೇಡಿಯೊ ಪೂರ್ತಿ ಕೈಕೊಟ್ಟರೆ ಏನು ಮಾಡುತ್ತಾರೆ? ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಒತ್ತುತ್ತಾರೆ. ರೇಡಾರ್ ಪರದೆಯಲ್ಲಿ ಅದನ್ನು ನೋಡಿದವರಿಗೆ ಈ ವಿಮಾನಕ್ಕೆ ಮಾತಿಲ್ಲ ಅಂತ ತಿಳಿಯುತ್ತದೆ. ಎಮರ್ಜೆನ್ಸಿಗೆ 7700, ಅಪಹರಣಕ್ಕೆ 7500. ಇನ್ನು ಟವರ್‌ನಲ್ಲಿ ಒಂದು ದೀಪದ ಬಂದೂಕು ಇರುತ್ತದೆ. ಅದನ್ನು ವಿಮಾನದ ಕಡೆ ಹಿಡಿದು ಬಣ್ಣದ ಬೆಳಕು ಬಿಡುತ್ತಾರೆ. ಹಾರುತ್ತಿರುವ ವಿಮಾನಕ್ಕೆ ನಿಂತ ಹಸಿರು ಅಂದರೆ ಇಳಿಯಬಹುದು. ನಿಂತ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು. ಮಿಣುಕುವ ಕೆಂಪು ಅಂದರೆ ನಿಲ್ದಾಣ ಸುರಕ್ಷಿತವಿಲ್ಲ, ಇಳಿಯಬೇಡ. ಬೆಳಕು ಕಂಡಿತು ಅನ್ನುವುದನ್ನೂ ಪೈಲಟ್ ತಿಳಿಸಬೇಕು. ಹಗಲಾದರೆ ರೆಕ್ಕೆಗಳನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾರೆ, ರಾತ್ರಿಯಾದರೆ ಲ್ಯಾಂಡಿಂಗ್ ಲೈಟನ್ನು ಎರಡು ಸಲ ಹಾಕಿ ಆರಿಸುತ್ತಾರೆ.